ವಿಮಾನ ಏರಿದ ಕುಬಸದ ಬುಟ್ಟಿ

ಗಡಿಯ ಆಚೆ

ಹುಬ್ಬಳ್ಳಿಯವನಿಗೆ ಪರದೇಶ ಕಾಣಲು ಹಡಗು ಬೇಕಿಲ್ಲ. ರೈಲಿನಲ್ಲಿ ಒಂದು ರಾತ್ರಿ ಕುಳಿತರೆ ಸಾಕು, ನಿಜಾಮ ಸರಕಾರದ ಸೀಮೆ ಬರುತ್ತದೆ. ಅಲ್ಲಿ ನಾಣ್ಯ ಬೇರೆ, ಅಂಚೆ ಚೀಟಿ ಬೇರೆ, ಕಚೇರಿಯ ಬಾಗಿಲ ಮೇಲಿನ ಬರಹ ಬೇರೆ. ನಮ್ಮ ಕಡೆಯವರು ಅದನ್ನು ಮೊಗಲಾಯಿ ಎನ್ನುತ್ತಾರೆ. ಭಾಷೆಯೂ ಅರ್ಧ ಪರದೇಶವೇ. ನಾನು ‘ಐತಿ’ ಎಂದರೆ ಅವರು ‘ಅದ’ ಎನ್ನುತ್ತಾರೆ. ಒಂದೇ ಮಾತನ್ನು ಕನ್ನಡದಲ್ಲಿ ಶುರು ಮಾಡಿ, ತೆಲುಗಿನ ಮೇಲೆ ಹಾಯ್ದು, ದಖನಿಯಲ್ಲಿ ಮುಗಿಸುತ್ತಾರೆ. ಕೇಳುವವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಅಲ್ಲಿನ ಸುಂಕದ ಕಟ್ಟೆಗೆ ಕರೋಡಗಿರಿ ಎಂದು ಹೆಸರು. ಕಟ್ಟೆಯವನು ನನ್ನ ಪೆಟ್ಟಿಗೆ ಬಿಚ್ಚಿಸಿ, ಪೇಡೆಯ ಡಬ್ಬಿ ಹಿಡಿದು, ಇದೇನು ಎಂದ. ಮಿಠಾಯಿ ಎಂದೆ. ನಂಬಲಿಲ್ಲ. ಒಂದು ತಿಂದು ಸ್ವಲ್ಪ ನಂಬಿದ. ಪೂರ್ತಿ ನಂಬಲು ಇನ್ನಷ್ಟು ಬೇಕಾದವು. ಆ ಸೀಮೆಗೆ ಹೋಗುವವರಿಗೆ ನನ್ನ ಮಾತು ಇಷ್ಟೇ: ಸಿಹಿಯನ್ನು ಪೆಟ್ಟಿಗೆಯ ಮೇಲುಗಡೆ ಇಡಿ, ಬಟ್ಟೆಯವರೆಗೆ ಅವರ ಕೈ ಇಳಿಯುವುದಿಲ್ಲ.

ನಾನು ಬಾಡಿಗೆ ಗಾಡಿ ಹೊಡೆಯುತ್ತ ದೊಡ್ಡವನಾದವನು. ಆಮೇಲೆ ಸ್ವಂತ ಗಾಡಿ, ಆಮೇಲೆ ಬೇಳೆಯ ವ್ಯಾಪಾರ. ಸಾಮಾನು ಹೇರುವುದು, ಬಿಗಿಯುವುದು, ದಾರಿಯಲ್ಲಿ ಅಲುಗದ ಹಾಗೆ ಊರು ಮುಟ್ಟಿಸುವುದು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡಿದ್ದೆ. ಆ ಸಲ ತಾಂಡೂರಿಗೆ ಹೋದದ್ದು ತೊಗರಿ ಬೇಳೆಗಾಗಿ. ಆದರೆ ಈಗ ಬರೆಯಲು ಕುಳಿತಿರುವುದು ಬೇಳೆಯ ಮಾತಲ್ಲ. ಒಂದು ಸಣ್ಣ ವಿಮಾನದಲ್ಲಿ ಒಂದು ಬುಟ್ಟಿಯನ್ನು ಕಟ್ಟಿದ ಮಾತು. ಅದನ್ನು ನೆನೆದಾಗಲೆಲ್ಲ ಮನಸ್ಸು ಹಳಹಳಿಸುತ್ತದೆ.

ತಾಂಡೂರು

ತಾಂಡೂರಿನಲ್ಲಿ ಮನೆಗಳಿಗೂ ಅಂಗಳಕ್ಕೂ ಬೀದಿಗೂ ಒಂದೇ ಬಣ್ಣದ ಹಾಸುಗಲ್ಲು. ನಮ್ಮ ಕಡೆ ಸಾವುಕಾರರ ಪಡಸಾಲೆಗೆ ಮಾತ್ರ ಹಾಸುವ ಕಲ್ಲಿನ ಮೇಲೆ ಅಲ್ಲಿ ಎಮ್ಮೆ ಮಲಗಿರುತ್ತದೆ. ನಾನು ಇಳಿದದ್ದು ಸಂಗಮ್ಮನ ಮನೆಯಲ್ಲಿ. ಆಕೆಯ ಗಂಡ ನನಗೆ ಹಳೆಯ ವ್ಯಾಪಾರದ ಗೆಳೆಯ. ಆತ ತೀರಿಕೊಂಡ ಮೇಲೆ ಬೇಳೆಯ ಗೋದಾಮನ್ನು ಆಕೆಯೇ ನಡೆಸುತ್ತಿದ್ದಳು. ನನ್ನನ್ನು ಅಣ್ಣಾರ ಎನ್ನುತ್ತಿದ್ದಳು, ಆದರೆ ತೂಕಕ್ಕೆ ನಿಂತರೆ ಅಣ್ಣನೂ ಇಲ್ಲ, ತಂಗಿಯೂ ಇಲ್ಲ.

ಆ ಸಲ ಮಾತ್ರ ಸಂಗಮ್ಮನಿಗೆ ವ್ಯಾಪಾರದ ಮೇಲೆ ಮನಸ್ಸಿರಲಿಲ್ಲ. ಕಿರಿಯ ಮಗಳು ನೀಲಮ್ಮನನ್ನು ನಾರಾಯಣಖೇಡಕ್ಕೆ ಕೊಟ್ಟಿದ್ದರು. ಚೊಚ್ಚಲು ಬಸುರು, ಏಳನೆಯ ತಿಂಗಳು ಮುಗಿಯುತ್ತ ಬಂದಿತ್ತು. ತವರಿನವರು ಹಸಿರು ಸೀರೆ, ಕುಬಸ, ಬಳೆ, ತಿಂಡಿ ತುಂಬಿದ ಬುಟ್ಟಿಯೊಂದಿಗೆ ಬೀಗರ ಮನೆಗೆ ಹೋಗಿ, ಕುಬಸದ ಕಾರ್ಯ, ಅಂದರೆ ಸೀಮಂತ, ಮಾಡಿ, ಮಗಳನ್ನು ಹೆರಿಗೆಗೆ ಕರೆದುಕೊಂಡು ಬರಬೇಕು. ಅಮಾವಾಸ್ಯೆ ದಾಟಿದರೆ ಎಂಟನೆಯ ತಿಂಗಳು. ಆಗ ಕಳಿಸುವುದಿಲ್ಲ. ಒಂಬತ್ತರಲ್ಲಿ ಗಾಡಿಯ ಕುಲುಕಾಟಕ್ಕೆ ಯಾರೂ ಒಪ್ಪುವುದಿಲ್ಲ. ನಡುವೆ ಮಂಜೀರಾ ಹೊಳೆ ತುಂಬಿ ಹರಿಗೋಲು ನಿಂತಿತ್ತು.

“ಕೂಸು ಅಲ್ಲೇ ಆಗ್ಲಿ ಬಿಡವಾ, ಅದೂ ಮನಿನೇ ಅಲ್ಲೇನು?” ಎಂದೆ ನಾನು.

“ಹಿರೀ ಮಗಳಿಗೂ ಹಿಂಗೇ ಅಂದಿದ್ರು ಅಣ್ಣಾರ, ಅಲ್ಲೇ ಆಗ್ಲಿ ಅಂತ. ಕೂಸೂ ಇಲ್ಲ, ಆಕಿನೂ ಇಲ್ಲ,” ಎಂದಳು. “ಈಕೀನ್ನ ನಾ ಬಿಡಂಗಿಲ್ರಿ. ನನ್ನ ಕಣ್ಣ ಮುಂದ, ನನ್ನ ಮನ್ಯಾಗ ಆಗಬೇಕು.”

ಗಂಡು ಮಕ್ಕಳಿಲ್ಲ. ಇದ್ದೊಬ್ಬ ತಮ್ಮ ವಾತ ಹಿಡಿದು ಹಾಸಿಗೆಯಲ್ಲಿದ್ದ. ಕರೆಯಲು ಹೋಗಬೇಕಾದವಳು ಆಕೆಯೊಬ್ಬಳೇ.

ಅದೇ ಹೊತ್ತಿಗೆ ಸ್ಟೇಷನ್ನಿನ ಆಚೆ ಬೀಳು ಹೊಲದಲ್ಲಿ ವಿಮಾನವೊಂದು ಬಂದಿಳಿಯಿತು. ನಾರಾಯಣಖೇಡದ ಕಡೆಯ ಒಬ್ಬ ಜಾಗೀರದಾರರದು. ಅವರು ರೈಲು ಹಿಡಿದು ಹೈದರಾಬಾದಿಗೆ ಹೊರಟಿದ್ದರು, ವಿಮಾನ ಖಾಲಿ ಹಿಂತಿರುಗುವುದಿತ್ತು. ಖಾಲಿ ಹಿಂತಿರುಗುವ ಗಾಡಿ ಕಂಡರೆ ನನ್ನ ಕಾಲು ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮಿಗೆ ಓಡಿ ಸಲಾಮು ಮಾಡಿ ಬಸುರಿ ಮಗಳ ಕಥೆ ಹೇಳಿದೆ. ಜಾಗೀರದಾರರು ಪಾನು ಜಗಿಯುತ್ತ, “ಹೊಟ್ಟಿಲಿದ್ದಾಕಿ ಕೆಲಸ, ಇದಕ್ಕ ಪೂಛ್ ಯಾಕ ಮಾಡ್ತೀರಿ? ಲೇ ಜಾವ್,” ಎಂದರು. ದೊಡ್ಡವರನ್ನು ಕೇಳುವುದಾದರೆ ರೈಲು ಬಿಡುವ ಹೊತ್ತಿಗೆ ಕೇಳಬೇಕು. ವಿಚಾರ ಮಾಡಲು ಅವರಿಗೆ ಸಮಯ ಇರುವುದಿಲ್ಲ. ಮಗಳನ್ನು ಕರೆತರುವ ಹೊತ್ತಿಗೆ ಹೊಳೆ ಇಳಿದಿರುತ್ತದೆ ಎಂದುಕೊಂಡೆವು.

ವಿಮಾನ ಹಾರಿಸುವವನ ಹೆಸರು ಹಮೀದ್. ಬೀದರಿನವನು, ಯಾವಾಗಲೂ ಬಾಯಲ್ಲಿ ಏಲಕ್ಕಿ. ಮುಂದೆ ಅವನ ಕುರ್ಚಿ, ಹಿಂದೆ ಎರಡು ಕುರ್ಚಿ, ಅವುಗಳ ಬೆನ್ನಿಗೆ ಸಾಮಾನಿನ ಗೂಡು. ಗೂಡಿನ ತಳದ ಹಲಗೆಯಲ್ಲಿ ಸಾಮಾನು ಕಟ್ಟಲು ಕಬ್ಬಿಣದ ಕಡಿಗಳು, ಅಂದರೆ ಉಂಗುರಗಳು. ಅವನು ಮೊದಲು ಕೇಳಿದ್ದೇ ತೂಕ. ನಾನು ಕಡಿಮೆ ಹೇಳಿದೆ. ಕೊಳ್ಳುವವನು ಕೇಳಿದರೆ ಜಾಸ್ತಿ, ಹೊರುವವನು ಕೇಳಿದರೆ ಕಡಿಮೆ ಹೇಳುವುದು ನನ್ನ ಹುಟ್ಟುಚಾಳಿ. ಹಮೀದ್ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಎಲ್ಲರನ್ನೂ ಗೋದಾಮಿನ ತಕ್ಕಡಿಗೆ ಕರೆದುಕೊಂಡು ಹೋದ.

“ನಾ ಏನು ಬ್ಯಾಳಿ ಚೀಲ ಏನ್ರಿ?” ಎಂದು ಸಂಗಮ್ಮ ತಕ್ಕಡಿ ಹತ್ತಲು ಒಪ್ಪಲಿಲ್ಲ.

“ಅಮ್ಮಾ, ಬ್ಯಾಳಿ ಚೀಲ ಸುಳ್ಳು ಹೇಳಂಗಿಲ್ಲ. ಸೇಠ್‌ಜಿ ಹೇಳ್ತಾರ,” ಎಂದ ಹಮೀದ್. ಆಕೆ ಅಷ್ಟು ದಿನಗಳಲ್ಲಿ ನಕ್ಕದ್ದು ಅದೊಂದೇ ಸಲ.

ಭಾರದ ಬಗ್ಗೆ ಅವನು ಹೇಳಿದ್ದು ನನಗೆ ಹೊಸದಾಗಿರಲಿಲ್ಲ. ಗಾಡಿಗೆ ಹಿಂದೆ ಭಾರವಾದರೆ ನೊಗ ಎತ್ತಿನ ಕೊರಳಿನಿಂದ ಮೇಲೇಳುತ್ತದೆ, ಮುಂದೆ ತುಸು ಒತ್ತಿರಬೇಕು. ವಿಮಾನಕ್ಕೂ ಅದೇ ಲೆಕ್ಕ. “ಹಿಂದ ವಜನ್ ಸರದ್ರ ಇದು ಮೂತಿ ಎತ್ತಿ ಆಸ್ಮಾನ್ ನೋಡ್ತದ. ಆಮ್ಯಾಲ ನಮ್ಮನ್ನ ನೆಲಕ್ಕ ತೋರಸ್ತದ. ಕಟ್ಟಿದ್ದು ಕಟ್ಟಿದಂಗೇ ಇರಬೇಕು,” ಎಂದು ಕೊಂಡಿ ಇರುವ ಅಗಲವಾದ ತೊಗಲಿನ ಪಟ್ಟಿಗಳನ್ನು ತೆಗೆದ.

ಸಂಗಮ್ಮ ಬುಟ್ಟಿಗೆ ಅಡ್ಡ ನಿಂತಳು. “ಲಿಂಗದ ಮುಂದ ಇಟ್ಟು ಪೂಜಿ ಮಾಡಿದ ಬುಟ್ಟಿ. ತೊಗಲ ಮುಟ್ಟಸಂಗಿಲ್ಲ.”

“ನಿಮ್ಮ ಕಾಲಾಗಿನ ಚಪ್ಲಿನೂ ತೊಗಲೇ ಅದಲ ಅಮ್ಮಾ?”

“ಕಾಲಾಗ ಅದ. ತಲಿ ಮ್ಯಾಲ ಇಟ್ಕೊಂಡೀನೇನು?”

ಹಮೀದ್ ಸೋತ. ಹಗ್ಗವಾದರೆ ಹಗ್ಗ, ಬಿಗಿ ಇರಲಿ ಎಂದ. ಸಂಗಮ್ಮನ ಗಾಡಿ ಹೊಡೆಯುವ ಸಾಯಣ್ಣ ಪುಂಡಿ ನಾರಿನ ಹೊಸ ಹಗ್ಗ ತಂದ. ತಂದವನು ಯಾರೂ ಹೇಳದೆ ಅದನ್ನು ಎತ್ತು ನೀರು ಕುಡಿಯುವ ಬಾನಿಯಲ್ಲಿ ಅದ್ದಿ, ಹಿಂಡಿ, ನನ್ನ ಕೈಗೆ ಕೊಟ್ಟ. ನಾನೂ ಯಾಕೆ ಎಂದು ಕೇಳಲಿಲ್ಲ.

ಗಾಡಿ ಹೊಡೆಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಾವು ಗಾಡಿಗೆ ಹೇರು ಬಿಗಿಯುವುದು ಮಿಣಿಯಿಂದ, ಅಂದರೆ ತೊಗಲಿನ ಹಗ್ಗದಿಂದ. ಮಿಣಿಯನ್ನು ತೋಯಿಸಿಯೇ ಕಟ್ಟಬೇಕು. ಒಣಗುತ್ತ ಒಣಗುತ್ತ ಅದು ಸೆಳೆದುಕೊಂಡು ಹೇರನ್ನು ಕಚ್ಚುತ್ತದೆ. ಇದು ಗಾಡಿಯವರ ಕೈಗೆ ಹತ್ತಿದ ರೂಢಿ. ನೀರು ಕಂಡರೆ ಕಟ್ಟುವುದನ್ನು ಅದ್ದುತ್ತೇವೆ. ನಾರಿನ ಹಗ್ಗದ ಸ್ವಭಾವ ಉಲ್ಟಾ. ತೋಯ್ದಾಗ ಅದು ಉಬ್ಬಿ ಗಿಡ್ಡವಾಗುತ್ತದೆ, ಒಣಗಿದರೆ ಉದ್ದ ಬಿಡುತ್ತದೆ. ಮಳೆಯಲ್ಲಿ ನೆನೆದು ಬಿಗಿದು ನಿಂತ ಬಣವೆಯ ಕಟ್ಟು ಬಿಸಿಲಿನಲ್ಲಿ ಜೋಲುಬಿದ್ದದ್ದನ್ನು ಸಾಯಣ್ಣ ನೋಡಿದ್ದ, ನಾನೂ ನೋಡಿದ್ದೆ. ಆದರೂ ತೊಗಲು ಬೇಡ ಎಂದು ತೊಗಲನ್ನು ಬಿಟ್ಟೆವು, ತೊಗಲಿನ ರೂಢಿಯನ್ನು ಬಿಡಲಿಲ್ಲ.

ನಾನು ಮೊಣಕಾಲು ಕೊಟ್ಟು ಎಳೆದೆ. ಹಗ್ಗ ವೀಣೆಯ ತಂತಿಯ ಹಾಗೆ ನಿಂತಿತು. ಹಮೀದ್ ಬೆರಳಿನಿಂದ ಮೀಟಿ, “ವಾಹ್,” ಎಂದ. ಆದರೆ ಬಡಗಣ ಮೋಡ ಸರಿಯಲಿ ಎಂದು ಊಟದ ಹೊತ್ತು ಮೀರುವವರೆಗೆ ಕಾಯಿಸಿದ. ಮಳೆಗಾಲದ ನಡುವಿನ ಸುಡುಬಿಸಿಲು. ಬಾಗಿಲು ಮುಚ್ಚಿದ ವಿಮಾನದ ಒಳಗೆ ರೊಟ್ಟಿ ಬೇಯಿಸಬಹುದಾಗಿತ್ತು. ಬುಟ್ಟಿ ಅದರಲ್ಲೇ ಇತ್ತು, ಹಗ್ಗವೂ ಅದರಲ್ಲೇ ಇತ್ತು.

ಮೋಡದ ದಾರಿ

ನೆಲ ಬಿಟ್ಟ ಮೇಲೆ ಭಯ ಸ್ವಲ್ಪ ಹೊತ್ತು, ಬೆರಗು ಸ್ವಲ್ಪ ಹೊತ್ತು, ಆಮೇಲೆ ಗದ್ದಲ ಒಂದೇ. ಕೂಗಿದರೂ ಪಕ್ಕದವರಿಗೆ ಕೇಳದು. ಕೆಳಗೆ ಕಾಗಿಣಾ ಹೊಳೆ ಕೆಂಪು ದಾರದ ಹಾಗೆ ಬಿದ್ದಿತ್ತು. ಹೊಲಗಳ ಬದುಗಳನ್ನು ಮೇಲಿನಿಂದ ನೋಡಿದರೆ ಯಾರದು ಯಾವುದೆಂದು ತಿಳಿಯುವುದಿಲ್ಲ. ಬದುವಿನ ಜಗಳ ಹೂಡಿದವರನ್ನೆಲ್ಲ ಒಮ್ಮೆ ಮೇಲೆ ಕರೆದುಕೊಂಡು ಬರಬೇಕು ಎನ್ನಿಸಿತು. ಸಂಗಮ್ಮ ಕೆಳಗೆ ನೋಡಲೇ ಇಲ್ಲ. ಕ್ಯಾನ್ವಾಸಿನ ಪಟ್ಟಿ ಸೊಂಟಕ್ಕೆ ಬಿಗಿದುಕೊಂಡು, ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು.

ಜಹೀರಾಬಾದ್ ಹತ್ತಿರ ಬರುತ್ತಿದ್ದಂತೆ ಮೋಡದ ಅಂಚು ತಾಗಿತು. ವಿಮಾನ ಹಳ್ಳಕ್ಕೆ ಬಿದ್ದ ಗಾಡಿಯ ಹಾಗೆ ಕೆಳಗಿಳಿದು ಮತ್ತೆ ಎದ್ದಿತು. ಬೆನ್ನ ಹಿಂದೆ ಧಡ್ ಎಂದಿತು. ತಿರುಗಿ ನೋಡಿದರೆ ಹಗ್ಗ ತೊಟ್ಟಿಲ ಜೋಲಿಯ ಹಾಗೆ ಇಳಿಬಿದ್ದಿತ್ತು. ಬುಟ್ಟಿ ಜಾರಿ ಬಾಲದ ಕಡೆಗೆ ಹೋಗಿ, ಹಲಗೆಯ ಕಡಿಯೊಂದನ್ನು ಕಿತ್ತುಕೊಂಡು ಕುಳಿತಿತ್ತು. ವಿಮಾನದ ಮೂತಿ ನಿಧಾನವಾಗಿ ಮೇಲೇಳತೊಡಗಿತು. ಹಮೀದ್ ಮೈಯ ಬಲವನ್ನೆಲ್ಲ ಹಾಕಿ ವಿಮಾನ ನಡೆಸುವ ಕೋಲನ್ನು ಮುಂದಕ್ಕೆ ಒತ್ತುತ್ತ ಕೂಗಿಕೊಂಡ. ಕೇಳಿಸಲಿಲ್ಲ. ಒಂದು ಕೈ ಹಿಂದೆ ಚಾಚಿ ನನ್ನ ಅಂಗಿ ಹಿಡಿದು ಜಗ್ಗಿದ. ಆಗ ತಿಳಿಯಿತು, ಭಾರ ಮುಂದಕ್ಕೆ ಬರಬೇಕು. ನಾನು ಸಂಗಮ್ಮನ ತೋಳು ಹಿಡಿದೆಳೆದೆ. ಇಬ್ಬರೂ ಅವನ ಕುರ್ಚಿಯ ಬೆನ್ನಿಗೆ ಎದೆಯೊತ್ತಿ, ಏರು ಹತ್ತುವ ಗಾಡಿಯ ಮುಂದಿನ ಮೂಕಿಯ ಮೇಲೆ ಕುಳಿತವರ ಹಾಗೆ ಮುಂದಕ್ಕೆ ಬಾಗಿದೆವು. ಮೂತಿ ಇಳಿಯಿತು. ನಾರಾಯಣಖೇಡ ಬಿಟ್ಟು ಜಹೀರಾಬಾದಿನ ಕೆಂಪು ಮೊರಮಿನ ಬಯಲಿಗೆ ಹಮೀದ್ ವಿಮಾನವನ್ನು ಇಳಿಸಿದ. ಇಳಿಸಿದ ಎಂಬುದು ಮರ್ಯಾದೆಯ ಮಾತು. ಹಲ್ಲುಗಳೆಲ್ಲ ಒಂದಕ್ಕೊಂದು ಬಡಿದವು.

ಜಹೀರಾಬಾದ್

ವಿಮಾನ ನಿಲ್ಲುವ ಮೊದಲೇ ಜನ ನೆರೆದರು. ಕಬ್ಬಿನ ಹೊಲದಿಂದ ಬಂದ ಮುದುಕನೊಬ್ಬ ಸುತ್ತು ಹಾಕಿ ನೋಡಿ, “ಎತ್ತು ಎಲ್ಲಿ ಕಟ್ತೀರಿ ಇದಕ್ಕ?” ಎಂದ. “ಎತ್ತು ಒಳಗ ಕುಂತಾವ,” ಎಂದು ಹಮೀದ್ ನನ್ನ ಕಡೆ ಕೈ ತೋರಿಸಿದ.

ಆಮೇಲೆ ಹಮೀದ್ ಹಗ್ಗವನ್ನು ಹಿಡಿದು ನೋಡಿ ಕೇಳಿದ, “ಇದನ್ನ ತೋಯಿಸಿ ಕಟ್ಟೀರೇನ್ರಿ?”

ಹೌದು ಎಂದೆ.

“ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ.

ಬುಟ್ಟಿಗೆ ಏನೂ ಆಗಿರಲಿಲ್ಲ. ಬಾಯಿಗೆ ಬಿಳಿಯ ಬಟ್ಟೆ ಹೊಲಿದಿದ್ದರು, ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಆದರೆ ಗೂಡಿನ ಹಲಗೆ ಸೀಳಿತ್ತು, ಕಡಿ ಕಿತ್ತಿತ್ತು. ಇನ್ನು ಹಿಂದೆ ಏನನ್ನೂ ಇಡುವುದಿಲ್ಲ ಎಂದ ಹಮೀದ್. ಬುಟ್ಟಿ ಬರಬೇಕಾದರೆ ಕುರ್ಚಿಯ ಮೇಲೆ ಬರಬೇಕು, ಮನುಷ್ಯರಿಗೆ ಬಿಗಿಯುವ ಕ್ಯಾನ್ವಾಸಿನ ಪಟ್ಟಿಯಲ್ಲಿ. ಉಳಿಯುವುದು ಒಂದೇ ಕುರ್ಚಿ.

ನಾನು ಉಳಿಯುತ್ತೇನೆ, ಸಂಗಮ್ಮ ಬುಟ್ಟಿಯ ಜೊತೆ ಹೋಗಲಿ ಎಂದೆ. ಆಕೆ ಕಿವಿಯಲ್ಲಿ ಹೇಳಿದಳು: “ಒಬ್ಬಾಕಿನೇ ಪರಗಂಡಸಿನ ಜೋಡಿ ಆಕಾಶದಾಗಿಂದ ಇಳದ್ರ ಬೀಗರು ಏನಂದಾರು ಅಣ್ಣಾರ? ಮಗಳು ಜಲಮ ಪೂರ್ತಿ ಕೇಳಬೇಕಲ.” ತೊಡೆಯ ಮೇಲೆ ಬುಟ್ಟಿ ಇಟ್ಟುಕೊಳ್ಳಲಿ ಎಂದೆ. ಅದು ಜಾರಿ ಕೋಲಿಗೆ ತಾಗಿದರೆ ಎಲ್ಲರ ಕಥೆ ಮುಗಿಯಿತು ಎಂದ ಹಮೀದ್. ಬುಟ್ಟಿ ಬಿಚ್ಚಿ ಅರ್ಧ ಒಯ್ಯೋಣ ಎಂದೆ. ಚೌಕಾಶಿಯವನಿಗೆ ಯಾವುದನ್ನೂ ಅರ್ಧ ಮಾಡಬಹುದು ಎನ್ನಿಸುತ್ತದೆ. ಸಂಗಮ್ಮ ಬೆಚ್ಚಿಬಿದ್ದಳು. ಆ ಹೊಲಿಗೆಯನ್ನು ಬಿಚ್ಚುವುದು ಬೀಗರ ಮನೆಯ ಮುತ್ತೈದೆಯೇ, ನಡುದಾರಿಯಲ್ಲಿ ಬಿಚ್ಚಿದರೆ ಅದು ಕುಬಸದ ಬುಟ್ಟಿಯೇ ಅಲ್ಲ.

ಕಡೆಗೆ ಹಮೀದನಿಂದ ನಾನು ಎರಡು ಸುತ್ತು ಗಿಟ್ಟಿಸಿದೆ. ಇವತ್ತು ಒಂದು, ನಾಳೆ ಬೆಳಿಗ್ಗೆ ಒಂದು. ವಿಮಾನಕ್ಕೆ ಬೇಕಾದ ಜಾಗೀರದಾರರ ಎಣ್ಣೆಯ ಡಬ್ಬಿಗಳು ಜಹೀರಾಬಾದಿನಲ್ಲೇ ಇದ್ದವು. ಬಹಳ ಖುಷಿಯಿಂದ ಸಂಗಮ್ಮನಿಗೆ ಹೇಳಿದೆ: ಇವತ್ತು ನಾನೂ ನೀನೂ ಹೋಗೂಣು, ನಾಳೆ ಬುಟ್ಟಿ ಬರಲಿ. ಇಲ್ಲವೇ ಇವತ್ತು ನಾನೂ ಬುಟ್ಟಿಯೂ, ನಾಳೆ ನಾನೇ ವಿಮಾನದಲ್ಲಿ ಬಂದು ನಿನ್ನನ್ನು ಕರೆದೊಯ್ಯುತ್ತೇನೆ. ಯಾವುದು?

ಆಕೆ ಬುಟ್ಟಿಯ ಮೇಲೆ ಕೈ ಇಟ್ಟಳು.

“ಬರಿಗೈಲೆ ಹೋಗಿ ಆ ಹೊಸ್ತಿಲ ತುಳೀಲೇನು? ಮದುವ್ಯಾಗ ಒಂದು ತಟ್ಟಿ ಕಮ್ಮಿ ಬಿದ್ದಿದ್ದಕ್ಕ ಇನ್ನೂ ಅಂತಾರ. ಬುಟ್ಟಿ ಮುಂದ ಹೋಗ್ಲಿ ಅಣ್ಣಾರ. ಬುಟ್ಟಿ ಕಂಡ ಮ್ಯಾಲ ಅವರ ಬಾಯಿ ಕಟ್ಟತದ. ನಾ ನಾಳಿ ಬಂದು ಮಗಳನ್ನ ಕರೀತೀನಿ.”

ನನಗೂ ಅದೇ ಸರಿ ಕಂಡಿತು. ನಮ್ಮ ಧಂದೆಯಲ್ಲಿ ಸರಕು ಮುಂದೆ, ಸಾವುಕಾರ ಹಿಂದೆ. ಸಂಗಮ್ಮನಿಗೆ ಆ ಊರಿನಲ್ಲಿ ದೂರದ ನೆಂಟರಿದ್ದರು. ಆಕೆಯನ್ನು ಅಲ್ಲಿ ಬಿಟ್ಟು, ಬುಟ್ಟಿಯನ್ನು ಆಕೆಯ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದೆವು. ಸೀರೆ ಹೊದ್ದ ಹೆಂಗಸೊಬ್ಬಳು ಕುಳಿತ ಹಾಗೇ ಕಾಣುತ್ತಿತ್ತು. ಅದು ಎಲ್ಲಿಯೂ ಅಲುಗಲಿಲ್ಲ.

ನಾರಾಯಣಖೇಡ

ಮಂಜೀರಾವನ್ನು ಮೇಲಿನಿಂದ ಕಂಡೆ. ಹೊಳೆ ಎಲ್ಲಿ, ಹೊಲ ಎಲ್ಲಿ ತಿಳಿಯಲಿಲ್ಲ. ಅದರ ಆಚೆ ನೆಲದ ಬಣ್ಣ ಕೆಂಪು ಬಿಟ್ಟು ಕಪ್ಪಾಯಿತು. ಆ ಕಪ್ಪನ್ನು ಆಗಲೇ ಗಮನಿಸಬೇಕಿತ್ತು. ಹಮೀದ್ ಜಾಗೀರದಾರರ ಎರೆಹೊಲದಲ್ಲಿ ಇಳಿಸಿದ. ಒಣಗಿದ ಎರೆ ಕಲ್ಲಿನ ಹಾಗೆ ಗಟ್ಟಿ, ಬಹಳ ಚಂದ ಇಳಿದೆವು.

ಬೀಗರ ಮನೆಯವರು ಗಾಡಿ ಕಳಿಸಿ ಕರೆಸಿಕೊಂಡರು. ಕಾಲಿಗೆ ನೀರು, ಬುಟ್ಟಿಗೆ ಆರತಿ. ಮನೆಯ ಹಿರಿಯಳು ಗೌರಮ್ಮ, ನೀಲಮ್ಮನ ಅತ್ತೆ. ತಾನೇ ಹೊಲಿಗೆ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಹಸಿರು ಸೀರೆಗಳನ್ನು ಒಂದೊಂದಾಗಿ ತೆಗೆದು ಓಣಿಯ ಹೆಂಗಸರಿಗೆಲ್ಲ ತೋರಿಸಿದಳು. “ನಮ್ಮ ಬೀಗಿತಿ ಆಕಾಶದಾಗಿಂದ ಬುಟ್ಟಿ ಇಳಿಸ್ಯಾಳ ನೋಡ್ರೇ,” ಎಂದಳು. ಸಂಗಮ್ಮ ಬಯಸಿದ್ದ ಮಾತು ಅದೇ. ಕೇಳಲು ಆಕೆ ಅಲ್ಲಿರಲಿಲ್ಲ.

ನೀಲಮ್ಮ ಬುಟ್ಟಿಯನ್ನು ನೋಡಲಿಲ್ಲ. ನನ್ನನ್ನು ದಾಟಿ ಬಾಗಿಲ ಕಡೆ ನೋಡಿದಳು. “ಅವ್ವ ಗಾಡ್ಯಾಗೇ ಕುಂತಾಳೇನ್ರಿ ಮಾವಾರ?”

“ನಾಳೆ ಬರ್ತಾಳವಾ. ಮುಂಜಾನೆ ನಾನೇ ಹೋಗಿ ಕರ್ಕೊಂಡು ಬರ್ತೀನಿ.”

ಹುಡುಗಿ ತಲೆಯಾಡಿಸಿ, ಅವ್ವ ಬಂದ ಮೇಲೆಯೇ ತಿನ್ನುತ್ತೇನೆ ಎಂದು ಹೋಳಿಗೆಯನ್ನು ಡಬ್ಬಿಗೆ ಹಾಕಿಟ್ಟಳು.

ಆ ರಾತ್ರಿ ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ವಿಮಾನದ ಗಾಲಿಗಳು ಎರೆಯಲ್ಲಿ ನಡುವಿನ ಗುಂಬದವರೆಗೆ ಇಳಿದಿದ್ದವು. ಎತ್ತು ಹೂಡಿ ಎಳೆಸಿದೆವು. ಎತ್ತುಗಳ ಕಾಲೂ ಹೂತವು. ಹಮೀದ್ ಮಣ್ಣು ಮೆತ್ತಿದ ಬೂಟು ಎತ್ತಿ ತೋರಿಸಿದ, ಒಂದೊಂದು ಕಾಲಿಗೆ ಒಂದೊಂದು ಒರಳುಕಲ್ಲು ಕಟ್ಟಿದ ಹಾಗಿತ್ತು. ನೆಲ ಒಣಗದೆ ಇದು ಏಳುವುದಿಲ್ಲ ಎಂದ. ನೆಲ ಒಣಗುವ ಮೊದಲೇ ಮತ್ತೆ ಮಳೆ. ಮರುದಿನವೂ ಮಳೆ. ಓದುವವರಿಗೆ ಹೇಳುತ್ತೇನೆ, ವಿಮಾನದಲ್ಲಿ ಹೋಗುವವರು ಆಕಾಶವನ್ನು ನೋಡಿದರೆ ಸಾಲದು, ಇಳಿಯುವ ಊರಿನ ಮಣ್ಣು ಯಾವುದೆಂದು ಮೊದಲು ಕೇಳಬೇಕು. ನನಗೆ ಇದನ್ನು ಹೇಳುವವರಿರಲಿಲ್ಲ. ಇದ್ದರೂ ಆ ದಿನ ನಾನು ಕೇಳುತ್ತಿದ್ದೆನೋ ಇಲ್ಲವೋ.

ಆ ಮನೆಯವರು ನನ್ನನ್ನು ಚೆನ್ನಾಗಿ ನೋಡಿಕೊಂಡರು, ಸುಳ್ಳು ಹೇಳಬಾರದು. ಅಲ್ಲಿಯ ರೂಢಿ ಎಂದರೆ ಅತಿಥಿ ಸಾಕು ಎಂದ ಮೇಲೆಯೇ ಬಡಿಸಲು ಶುರು ಮಾಡುತ್ತಾರೆ. ನಮ್ಮ ಕಡೆ ಸಾಕು ಎಂದರೆ ಬಿಡುತ್ತಾರೆ. ಮೊದಲ ದಿನ ತಿಳಿಯದೆ ಮೂರು ಸಲ ಸಾಕು ಎಂದು ಕಷ್ಟಪಟ್ಟೆ. ಆದರೆ ಉಂಡದ್ದು ಮೈಗೆ ಹತ್ತಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ನಾನು ಗೌರಮ್ಮನ ಮುಂದೆ ಕುಳಿತೆ. ಜಲಮವಿಡೀ ಚೌಕಾಶಿ ಮಾಡಿದ್ದು ಇಂಥದಕ್ಕೇ ಎಂದುಕೊಂಡೆ.

“ತಾಯೀ, ಬುಟ್ಟಿ ತಂದಾವ ನಾನು. ಮಗಳನ್ನ ನನ್ನ ಜೋಡಿ ಕಳಸ್ರಿ. ಹೊಳಿ ಇಳೀತಿದ್ದಂಗ ದಾಟಿಸ್ತೀನಿ. ನಾನೂ ಆಕಿಗೆ ಸ್ವಾದರಮಾವ ಇದ್ದಂಗ.”

“ಇದ್ದಂಗ ಬ್ಯಾರಿ, ಇರೂದು ಬ್ಯಾರಿ,” ಎಂದಳು ಗೌರಮ್ಮ. “ನೀವು ಬ್ಯಾಳಿ ಸಾವಕಾರ್ರು. ಪಾಪ, ಒಳ್ಳೇವ್ರೇ ಇದ್ದೀರಿ. ಆದ್ರ ಕರಿಯಾಕ ಬರಬೇಕಾದಾಕಿ ಹೆತ್ತಾಕಿ.”

“ಅವರು ಹೊಳಿ ಆಚಿ ಸಿಕ್ಕೊಂಡಾರ್ರಿ. ಬರಾಕ ಮನಸ್ಸಿಲ್ಲ ಅಂತಲ್ಲ.”

“ಮನಸ್ಸಿಲ್ಲ ಅಂತ ನಾ ಎಲ್ಲಿ ಅಂದೆ? ನಾಳಿ ದಾರ್ಯಾಗ ಹೊಳಿ ಬಂತು, ಹುಡುಗಿಗಿ ಬ್ಯಾನಿ ಎದ್ದವು ಅಂದ್ರ ನೀವೇನು ಮಾಡ್ತೀರಿ? ಗಂಡಸು ನೀವು. ನಾ ಯಾರಿಗಿ ಕೇಳ್ಲಿ?”

ಹೋಗಲಿ, ಅಮಾವಾಸ್ಯೆ ದಾಟಿದ ಮೇಲೆ ಎರಡು ದಿನ ಸಡಿಲ ಬಿಡಿ ಎಂದೆ. ಎಂಟರಲ್ಲಿ ಹೆಜ್ಜೆ ಎತ್ತಿಸುವುದಿಲ್ಲ ಎಂದಳು. ಒಂದು ದಿನ ಎಂದೆ. ಆಕೆ ನಕ್ಕಳು. “ಸಾವಕಾರ್ರೇ, ಇದು ಬ್ಯಾಳಿ ಅಲ್ಲ.” ಆ ಮಾತಿನಲ್ಲಿ ಕಹಿ ಇರಲಿಲ್ಲ.

ಅಮಾವಾಸ್ಯೆ ಕಳೆಯಿತು. ನೀಲಮ್ಮ ಅಳಲಿಲ್ಲ. ಡಬ್ಬಿ ತೆಗೆದು ನೋಡಿದಳು. ಮುಚ್ಚಿಟ್ಟ ತೇವಕ್ಕೆ ಹೋಳಿಗೆಯ ಮೇಲೆ ಹಸಿರು ಬೂಸಲು ಬಂದಿತ್ತು. ಅದನ್ನು ಎಮ್ಮೆಯ ಬಾನಿಗೆ ಸುರಿದು, ಡಬ್ಬಿ ತೊಳೆದು ಬೋರಲು ಹಾಕಿದಳು.

“ಮಾವಾರ,” ಎಂದಳು, “ಜಹೀರಾಬಾದಿನಾಗ ಅವ್ವ ವಿಮಾನದಾಗಿಂದ ಇಳದಳಲ, ಆಗ ನನ್ನ ಹೆಸರು ಏನಾರ ತಗದಳೇನು?”

ಇಡೀ ದಿನ ನಿನ್ನ ಹೆಸರೇ ಎಂದೆ. ಅದು ನಿಜವೇ ಆಗಿತ್ತು. ಆದರೆ ನಿಜ ಹೇಳಿದಾಗಲೂ ನನ್ನ ದನಿ ಸರಕು ಹೊಗಳುವವನ ದನಿಯಾಗಿಯೇ ಕೇಳಿಸಿತು.

ಮಂಜೀರಾ ದಂಡೆ

ಹೊಳೆ ಸ್ವಲ್ಪ ಇಳಿದು ಹರಿಗೋಲು ಶುರುವಾಯಿತೆಂಬ ಸುದ್ದಿ ಬಂದ ದಿನ ನಾನು ಹೊರಟೆ. ಹಮೀದ್ ವಿಮಾನದ ಹತ್ತಿರವೇ ಉಳಿದ. ಗಾಲಿಯ ಸುತ್ತ ಒಣ ಬೂದಿ ಸುರಿಯುತ್ತಿದ್ದವನು ಬಂದು ನನ್ನ ಕೈ ಹಿಡಿದು, “ಅಮ್ಮಾಗ ನನ್ನ ಸಲಾಂ ಹೇಳ್ರಿ,” ಎಂದ.

ಹರಿಗೋಲು ಸುತ್ತುತ್ತ ಸುತ್ತುತ್ತ ಈಚೆ ದಂಡೆಗೆ ತಾಗಿದಾಗ ಇಳಿಜಾರಿನ ಕಲ್ಲಿನ ಮೇಲೆ ಸಂಗಮ್ಮ ಕುಳಿತಿದ್ದಳು. ಮರುದಿನ ವಿಮಾನ ಬರದಿದ್ದಾಗಲೇ ಜಹೀರಾಬಾದಿನಿಂದ ಗಾಡಿ ಮಾಡಿಕೊಂಡು ಬಂದಿದ್ದಳಂತೆ. ದಂಡೆಯ ಹಳ್ಳಿಯಲ್ಲಿ ಯಾರದೋ ಕಟ್ಟೆಯ ಮೇಲೆ ಮಲಗಿ, ದಿನಾ ಬೆಳಿಗ್ಗೆ ಬಂದು ನೀರು ನೋಡುತ್ತಿದ್ದಳು. ಮೈ ಇಳಿದಿತ್ತು. ತಕ್ಕಡಿಯಲ್ಲಿ ಕೂರಿಸಿದರೆ ಹಮೀದ್ ಬೇರೆ ತೂಕ ಬರೆದುಕೊಳ್ಳಬೇಕಾಗುತ್ತಿತ್ತು.

ಹೇಳಬೇಕಾದದ್ದನ್ನು ಹೊಳೆಯ ಉದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಎಲ್ಲವನ್ನೂ ಮರೆತು, “ಬುಟ್ಟಿ ಛಲೋ ಮುಟ್ಟಿತವಾ. ಭಾಳ ಮೆಚ್ಚಿದ್ರು,” ಎಂದೆ.

“ಮೆಚ್ಚಿದ್ರೇನು?”

“ಓಣ್ಯಾಗೆಲ್ಲ ತೋರಿಸಿದ್ರು.”

“ಹಂಗಾದ್ರ ನಾ ಬುಟ್ಟ್ಯಾಗ ಕುಂತು ಹೋಗಿದ್ರ ಆಗ್ತಿತ್ತು ಅಣ್ಣಾರ,” ಎಂದಳು. ನಗಲೆಂದು ಹೇಳಿದಳೋ ಏನೋ, ಇಬ್ಬರಿಗೂ ನಗು ಬರಲಿಲ್ಲ. “ಎಂಟರಾಗ ಬಿತ್ತಲ. ಕಳಸಂಗಿಲ್ಲ ಅಂದ್ರೇನು?”

ಹೌದು ಎಂದೆ. ಕೇಳಿ ನೋಡಿದೆ ಎಂದೆ. ಒಂದು ದಿನಕ್ಕೂ ಒಪ್ಪಲಿಲ್ಲ ಎಂದೆ.

ಆಕೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನ ಕಡೆ ನಡೆದಳು. ಈಗ ಎಲ್ಲಿಗೆ ಎಂದು ಹಿಂದೆ ಓಡಿದೆ.

“ಆಕಿ ಬರಂಗಿಲ್ಲಂದ್ರ ನಾ ಹೋಗ್ತೀನಿ. ಬಾಣಂತನ ಅಲ್ಲೇ ಮಾಡ್ತೀನಿ.”

“ಬೀಗರ ಮನ್ಯಾಗ ಕುಂತು? ಜನ ಏನಂತಾರ?”

“ತವರು ಗತಿಗೆಟ್ಟದ ಅಂತಾರ. ಅನ್ಲಿ. ಒಳಗ ಬಿಡದಿದ್ರ ದನದ ಕೊಟ್ಟಗ್ಯಾಗ ಇರ್ತೀನಿ. ಬ್ಯಾನಿ ಎದ್ದಾಗ ಒಂದು ಗ್ವಾಡಿ ಆಚಿ ಇದ್ರ ಸಾಕ್ರಿ ನನಗ.”

ನನ್ನ ಚೀಲದಲ್ಲಿ ಗೌರಮ್ಮ ಕಟ್ಟಿಕೊಟ್ಟ ಬೆಲ್ಲ, ಕೊಬ್ಬರಿ ಇತ್ತು. ಅದನ್ನು ಚಾಚಿದೆ. ಬರಿಗೈಲಿ ಹೋಗಬೇಡ, ಇದನ್ನಾದರೂ ಹಿಡಿ ಎಂದೆ. ಅವರ ಮನೆಯದನ್ನೇ ಅವರಿಗೆ ಒಯ್ಯಲೇ ಎಂದು ಆಕೆ ಸರಿಸಿಬಿಟ್ಟಳು.

ಅಂಬಿಗ ಆಕೆಯ ಸುತ್ತಮುತ್ತ ನೋಡಿ, “ಸಾಮಾನು ಎಲ್ಲಿ ಇಟ್ಟೀಬೇ?” ಎಂದ.

“ಇಲ್ಲಪ್ಪ.”

“ಏನೂ ಇಲ್ಲ?”

“ಏನೂ ಇಲ್ಲ. ನಡೀ.”

“ಹಂಗಾದ್ರ ನಡಕ ಕುಂದ್ರವ್ವ. ಅಂಚಿಗಿ ಕುಂತ್ರ ವಾಲ್ತದ.”

ಆಕೆ ನಡುವಿಗೆ ಸರಿದು ಕುಳಿತಳು. ಅಂಬಿಗ ಕೋಲು ಊರಿದ. ಹರಿಗೋಲು ಒಂದು ಸುತ್ತು ತಿರುಗಿ ಸೆಳವಿಗೆ ಸಿಕ್ಕಿತು. ತಿರುಗಿದಾಗ ಆಕೆಯ ಮುಖ ಒಮ್ಮೆ ನನ್ನ ಕಡೆ ಬಂತು, ಕಣ್ಣುಗಳು ಮಾತ್ರ ಆಚೆ ದಂಡೆಯನ್ನೇ ಹುಡುಕುತ್ತಿದ್ದವು.